ಕಾಲುರಿಯ ಮಾತ್ರೆ, ಎದೆಯ ಡವಡವ: ನಿಲ್ಲಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ 66 ವರ್ಷ, ತೂಕ 68 ಕಿಲೋ. ದಾದರ್‌ನಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದರು, ಈಗ ಮನೆಯಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆ ಬಂದು 20 ವರ್ಷ ದಾಟಿತು. ಅಂಗಾಲು ಉರಿ ತಡೆಯಲಾರದೆ ಎರಡು ತಿಂಗಳ ಹಿಂದೆ ಡಾಕ್ಟರು ನರದ ಮಾತ್ರೆ ಶುರು ಮಾಡಿದರು. ಮೊದಲು ರಾತ್ರಿ ಒಂದು, ಆಮೇಲೆ ಬೆಳಿಗ್ಗೆಯೂ ಒಂದು. ಉರಿ ಅರ್ಧಕ್ಕರ್ಧ ಇಳಿದಿದೆ. ಆದರೆ ಈಗ ರಾತ್ರಿ ಎರಡು ಮೂರು ಗಂಟೆಗೆ ಎದೆ ಡವಡವ ಅಂತ ಎಚ್ಚರವಾಗುತ್ತದೆ, ನಡುವೆ ಒಂದು ಬಡಿತ ತಪ್ಪಿದ ಹಾಗಾಗುತ್ತದೆ ಅನ್ನುತ್ತಾರೆ. ಒಂದು ಸಲ ಬಾತ್‌ರೂಮಿಗೆಂದು ಎದ್ದವರು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟರು. ದುಬೈಯಲ್ಲಿರುವ ಮಗ ಇಂಟರ್‌ನೆಟ್ಟಿನಲ್ಲಿ ಓದಿ, ಈ ಮಾತ್ರೆಯಿಂದ ಹಾರ್ಟ್ ಬ್ಲಾಕ್ ಆಗುತ್ತದಂತೆ, ಇವತ್ತೇ ನಿಲ್ಲಿಸಿ ಅನ್ನುತ್ತಾನೆ. ನಮ್ಮ ಕೆಮಿಸ್ಟ್ ಮಾತ್ರ, ಇದು ನರಕ್ಕೆ ವಿಟಮಿನ್, ಏನೂ ಆಗುವುದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳುವುದು? ಮುಂದಿನ ತಿಂಗಳು ಕುಂದಾಪುರದಲ್ಲಿ ಮದುವೆಗೂ ಹೋಗಬೇಕು. ಇಸಿಜಿ, ರಕ್ತದ ರಿಪೋರ್ಟ್, ಎಲ್ಲ ಮಾತ್ರೆಗಳ ಸ್ಟ್ರಿಪ್ ಫೋಟೊ ಕಳಿಸಿದ್ದೇನೆ.
— ಓದುಗರು, ಡೊಂಬಿವಲಿ

ಉತ್ತರ:

ಮಗ ಓದಿದ್ದರಲ್ಲಿ ನಿಜವಿದೆ, ಕೆಮಿಸ್ಟ್ ಹೇಳಿದ್ದರಲ್ಲಿ ಇಲ್ಲ. ಹಾಗಂತ ಮಗನ ಮಾತು ಕೇಳಿ ಇವತ್ತು ರಾತ್ರಿಯಿಂದಲೇ ಮಾತ್ರೆ ಬಿಡಿಸಬೇಡಿ. ಒಂದೆರಡು ದಿನದೊಳಗೆ ನಿಮ್ಮ ಡಾಕ್ಟರನ್ನು ಕಂಡು, ಅವರ ಕೈಯಲ್ಲೇ ಡೋಸ್ ಬದಲಾಯಿಸಿಕೊಳ್ಳಿ. ಕಳಿಸಿದ ಕಾಗದಗಳನ್ನೆಲ್ಲ ಹರಡಿಕೊಂಡು ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು: ನರದ ಮಾತ್ರೆಯದ್ದು ತಪ್ಪಿರಬಹುದು, ಆದರೆ ಅದು ಒಂಟಿಯಾಗಿ ಈ ಕೆಲಸ ಮಾಡಿದ ಹಾಗೆ ಕಾಣುವುದಿಲ್ಲ. ನಿಮ್ಮವರ ಕಿಡ್ನಿ, ರಕ್ತದ ಪೊಟ್ಯಾಶಿಯಂ, ದಿನಾ ನುಂಗುವ ಗ್ಯಾಸಿನ ಕ್ಯಾಪ್ಸೂಲ್, ಮೂತ್ರ ಸಲೀಸಾಗಲೆಂದು ಹೊಸದಾಗಿ ಸೇರಿದ ಮಾತ್ರೆ, 20 ವರ್ಷದ ಸಕ್ಕರೆ, ಇವೆಲ್ಲ ಅದರ ಜೊತೆ ಕೈ ಜೋಡಿಸಿವೆ.

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಕೂತಲ್ಲೋ ಮಲಗಿದಲ್ಲೋ ಸುಳಿವೇ ಇಲ್ಲದೆ ಪ್ರಜ್ಞೆ ತಪ್ಪಿದರೆ, ಎದೆ ಹಿಂಡಿದ ಹಾಗಾದರೆ, ಉಸಿರು ಸಾಲದೆ ಹೋದರೆ, ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿದರೆ ಅಥವಾ 130ರ ಮೇಲೆ ಹೋಗಿ ಇಳಿಯದೆ ನಿಂತರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಸಕ್ಕರೆ ಹಳೆಯದಾದವರಿಗೆ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರುವುದುಂಟು. ಬರೀ ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು ಅಷ್ಟೇ ಇರಬಹುದು. ಆ ಹೊತ್ತಿನಲ್ಲಿ ಗ್ಯಾಸ್ ಅಂತ ಸೋಡಾ ಕುಡಿಸಿಕೊಂಡು ಕೂರಬೇಡಿ.

ಈಗ ಸ್ಟ್ರಿಪ್ ಕೈಗೆ ತಗೊಳ್ಳಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು, ಬೆಳ್ಳಿ ಹಾಳೆಯ ಮೇಲಿನ ಸಣ್ಣಕ್ಷರ ಓದಿ. ಅಲ್ಲಿ ಮೂರು ಮದ್ದಿನ ಹೆಸರಿದೆ: ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ನಾರ್ಟ್ರಿಪ್ಟಿಲಿನ್ 10 ಮಿಲಿಗ್ರಾಂ, ಮೀಥೈಲ್‌ಕೋಬಾಲಮಿನ್ 1500 ಮೈಕ್ರೋಗ್ರಾಂ. ಕೆಮಿಸ್ಟ್ ಹೇಳಿದ ವಿಟಮಿನ್ ಈ ಕೊನೆಯದು, ಬಿ12ರ ಒಂದು ರೂಪ. ಅದರಿಂದ ಹೃದಯದ ಲಯಕ್ಕೆ ತೊಂದರೆಯಿಲ್ಲ. ಮಿಕ್ಕ ಎರಡು ವಿಟಮಿನ್ ಅಲ್ಲ, ನರದ ಮೇಲೆ ನೇರ ಕೆಲಸ ಮಾಡುವ ಗಟ್ಟಿ ಔಷಧಿಗಳು. ನಮ್ಮ ದೇಶದಲ್ಲಿ ಇಂಥ ಜೋಡಿ ಮಾತ್ರೆಗಳು ಲೆಕ್ಕವಿಲ್ಲದಷ್ಟು ಇವೆ. ಹೆಸರಿನ ಕೊನೆಗೆ ‘ಎನ್‌ಟಿ’ ಎಂದು ಅಂಟಿಸಿದ್ದರೆ ಸಾಮಾನ್ಯವಾಗಿ ನಾರ್ಟ್ರಿಪ್ಟಿಲಿನ್ ಸೇರಿದೆ ಎಂದು ಅರ್ಥ, ‘ಎಂ’ ಇದ್ದರೆ ಮೀಥೈಲ್‌ಕೋಬಾಲಮಿನ್. ನನಗೆ ಈ ಜೋಡಿ ಮಾತ್ರೆಗಳ ಮೇಲೆ ಮೊದಲಿನಿಂದಲೂ ಅಸಮಾಧಾನ. ಒಂದು ಮದ್ದು ಒಗ್ಗಲಿಲ್ಲ ಅಂದರೆ ಅದೊಂದನ್ನೇ ತೆಗೆಯಲು ಬರುವುದಿಲ್ಲ. ಯಾವುದರಿಂದ ಎದೆ ಬಡಿದುಕೊಂಡಿತು ಎಂದು ಗೊತ್ತಾಗುವುದೂ ಇಲ್ಲ. ನಿಮ್ಮ ಡಾಕ್ಟರ ಹತ್ತಿರ ಕೇಳಬೇಕಾದ ಮೊದಲ ಮಾತು ಇದೇ: ಇವುಗಳನ್ನು ಬಿಡಿಬಿಡಿಯಾಗಿ ಬರೆದುಕೊಡಿ.

ಕಾಲಿನ ನೋವಿಗೆ ಕೊಟ್ಟ ಮದ್ದು ಎದೆಗೆ ಯಾಕೆ ತಟ್ಟಬೇಕು? ನರದಲ್ಲಿ ನೋವಿನ ಸಂದೇಶ ಓಡುವುದೂ ಹೃದಯ ಬಡಿಯುವುದೂ ವಿದ್ಯುತ್ತಿನಿಂದಲೇ. ಎರಡು ಕಡೆಯೂ ಸೋಡಿಯಂ, ಕ್ಯಾಲ್ಶಿಯಂ, ಪೊಟ್ಯಾಶಿಯಂ ಕಣಗಳು ಜೀವಕೋಶದ ಸಣ್ಣ ಬಾಗಿಲುಗಳಲ್ಲಿ ಒಳಗೆ ಹೊರಗೆ ಓಡಾಡುತ್ತವೆ. ಹಲ್ಲಿನ ಡಾಕ್ಟರು ಒಸಡಿಗೆ ಚುಚ್ಚಿ ಮರಗಟ್ಟಿಸುವ ಲಿಗ್ನೊಕೇನ್ ಇದೆಯಲ್ಲ, ಅದನ್ನೇ ಐಸಿಯುವಿನಲ್ಲಿ ಹೃದಯದ ಲಯ ಅಪಾಯಕಾರಿಯಾಗಿ ಕೆಟ್ಟಾಗ ರಕ್ತನಾಳಕ್ಕೆ ಕೊಡುತ್ತಾರೆ. ನರವನ್ನು ಸುಮ್ಮನಿರಿಸುವ ಮದ್ದಿಗೆ ಹೃದಯದ ಸುದ್ದಿಗೆ ಹೋಗಬೇಡ ಎಂದು ಹೇಳಲು ಆಗುವುದಿಲ್ಲ. ಎಷ್ಟು ಹೋಗುತ್ತದೆ ಅನ್ನುವುದು ಮದ್ದಿನಿಂದ ಮದ್ದಿಗೆ, ಮನುಷ್ಯನಿಂದ ಮನುಷ್ಯನಿಗೆ ಬೇರೆ.

ಪ್ರಿಗ್ಯಾಬಲಿನ್ ವಿಷಯದಲ್ಲಿ ಅದು ತೀರ ಕಡಿಮೆ. ನರದ ತುದಿಯ ಕ್ಯಾಲ್ಶಿಯಂ ಬಾಗಿಲಿನ ಒಂದು ಉಪಭಾಗಕ್ಕೆ ಇದು ಅಂಟಿಕೊಳ್ಳುತ್ತದೆ. ಬಿಪಿಗೆ ಕೊಡುವ ವೆರಾಪಮಿಲ್ ಥರದ ಮದ್ದುಗಳ ಹಾಗೆ ಹೃದಯದ ಕ್ಯಾಲ್ಶಿಯಂ ಬಾಗಿಲನ್ನು ನೇರವಾಗಿ ಮುಚ್ಚುವುದಿಲ್ಲ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿದ ಈ ಔಷಧಿಯ ಅಧಿಕೃತ ಮಾಹಿತಿಯಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡವರಲ್ಲಿ ಇಸಿಜಿಯ ‘ಪಿಆರ್’ ಅವಧಿ (ಹೃದಯದ ಮೇಲಿನಿಂದ ಕೆಳಕ್ಕೆ ವಿದ್ಯುತ್ ಇಳಿಯುವ ಹೊತ್ತು) ಸರಾಸರಿ 3ರಿಂದ 6 ಮಿಲಿಸೆಕೆಂಡ್ ಉದ್ದವಾಯಿತು ಎಂದಿದೆ. ಅದರಿಂದ ದೊಡ್ಡ ಬ್ಲಾಕ್‌ಗಳು, ಅಂದರೆ ಆ ವಿದ್ಯುತ್ ಕೆಳಗೆ ಮುಟ್ಟದೆ ತಡೆದು ನಿಲ್ಲುವುದು, ಹೆಚ್ಚಾಗಲಿಲ್ಲ ಎಂದೂ ಅಲ್ಲೇ ಇದೆ. ಯುರೋಪಿನ ಮಾಹಿತಿಪತ್ರದಲ್ಲಿ ಮೊದಲ ಹಂತದ ಬ್ಲಾಕ್, ನಾಡಿ ವೇಗ ಹೆಚ್ಚುವುದು, ಹಾರ್ಟ್ ಫೇಲ್ಯೂರ್ ಇವು ಸಾವಿರದಲ್ಲಿ ಒಬ್ಬರಿಂದ ನೂರರಲ್ಲಿ ಒಬ್ಬರವರೆಗಿನ ಪಟ್ಟಿಯಲ್ಲಿವೆ. ‘ಕ್ಯೂಟಿ’, ಅಂದರೆ ಹೃದಯದ ಕೆಳಗಿನ ಕೋಣೆಗಳು ವಿದ್ಯುತ್ತಿನಿಂದ ಎಚ್ಚೆತ್ತು ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾಗುವ ಹೊತ್ತು, ಉದ್ದವಾಗುವುದು ಅದಕ್ಕಿಂತಲೂ ಅಪರೂಪ, ಹತ್ತು ಸಾವಿರದಲ್ಲಿ ಒಬ್ಬರಿಂದ ಸಾವಿರದಲ್ಲಿ ಒಬ್ಬರವರೆಗಿನ ಪಟ್ಟಿಯಲ್ಲಿದೆ. ಹಾಗಾದರೆ ಮಗ ಓದಿದ ಪೂರ್ತಿ ಹಾರ್ಟ್ ಬ್ಲಾಕ್ ಎಲ್ಲಿಂದ ಬಂತು? ಮಿತಿಮೀರಿದ ಡೋಸ್ ಹೊಟ್ಟೆ ಸೇರಿದಾಗ ಅಂಥದ್ದಾಗಿ, ವೈದ್ಯಕೀಯ ಪತ್ರಿಕೆಗಳಲ್ಲಿ ಬಿಡಿ ವರದಿಯಾಗಿ ಬಂದದ್ದುಂಟು. ಹಾಗಿರುವಾಗ ಮಿತಿಯೊಳಗಿನ ಡೋಸೇ ಒಬ್ಬರ ಮೈಯಲ್ಲಿ ಮಿತಿ ಮೀರಬಹುದೇ ಎಂದು ನೋಡಬೇಕು. ಅದನ್ನು ಹೇಳುವುದು ಕಿಡ್ನಿ. ನಿಮ್ಮವರ ಕಥೆಯ ಗಂಟು ಇಲ್ಲೇ ಇದೆ.

ಪ್ರಿಗ್ಯಾಬಲಿನ್ ಲಿವರಿನಲ್ಲಿ ಕರಗುವುದಿಲ್ಲ. ಹೆಚ್ಚುಕಡಿಮೆ ಪೂರ್ತಿ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಅದರ ಅಣ್ಣ ಗ್ಯಾಬಪೆಂಟಿನ್ ಕೂಡ ಹೀಗೆ. ನಿಮ್ಮವರ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.6. ಲ್ಯಾಬಿನವರು ಪಕ್ಕದಲ್ಲೊಂದು ಬಾಣದ ಗುರುತು ಹಾಕಿದ್ದಾರೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಂಡ ಹಾಗಿಲ್ಲ. ಲೆಕ್ಕ ಸುಲಭ: 140ರಿಂದ ವಯಸ್ಸು ಕಳೆಯಿರಿ, 74. ಅದನ್ನು ತೂಕ 68ರಿಂದ ಗುಣಿಸಿದರೆ 5032. ಇದನ್ನು 72 ಮತ್ತು 1.6ರ ಗುಣಲಬ್ಧ 115.2ರಿಂದ ಭಾಗಿಸಿದರೆ ಸುಮಾರು 44. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. ಅಂದರೆ ನಿಮ್ಮವರ ಕಿಡ್ನಿ ನಿಮಿಷಕ್ಕೆ 44 ಮಿಲಿಲೀಟರಿನಷ್ಟು ಸೋಸುತ್ತಿದೆ. 30ರಿಂದ 60ರ ನಡುವೆ ಇರುವವರಿಗೆ ಪ್ರಿಗ್ಯಾಬಲಿನ್ ಡೋಸನ್ನು ಅರ್ಧ ಮಾಡಬೇಕು ಎಂಬುದು ನಿಯಮ. ಅವರು ನುಂಗುತ್ತಿರುವುದು ದಿನಕ್ಕೆ 150. ಅವರ ಮೈಯಲ್ಲಿ ಅದು ಕಿಡ್ನಿ ಚೆನ್ನಾಗಿರುವವರಿಗೆ 300 ಕೊಟ್ಟ ಹಾಗೆ. ಸ್ಟ್ರಿಪ್ ಮೇಲೆ ಬರೆದ ಸಂಖ್ಯೆ ನೋಡಿ, ಇದು ಸಣ್ಣ ಡೋಸ್ ಅಲ್ಲವೇ ಅನ್ನುವಂತಿಲ್ಲ. ಪಾದದ ಗಂಟಿನ ಹತ್ತಿರ ಬೆರಳೊತ್ತಿ ನೋಡಿ, ಗುಳಿ ಬಿದ್ದು ನಿಂತರೆ ನೀರು ತುಂಬಿದೆ. ಅದೂ ಈ ಮದ್ದಿನ ಗುಣವೇ. ಸಕ್ಕರೆಗೆ ಪಯೋಗ್ಲಿಟಾಜೋನ್ ಸೇರಿದ ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಜಾಸ್ತಿ. ನಿಮ್ಮವರ ಸ್ಟ್ರಿಪ್‌ಗಳಲ್ಲಿ ಅದಿಲ್ಲ.

ಇನ್ನು ನಾರ್ಟ್ರಿಪ್ಟಿಲಿನ್. ಇದು ಹಳೆಯ ಕಾಲದ ಖಿನ್ನತೆಯ ಮಾತ್ರೆಗಳ ಮನೆತನದ್ದು. ಅಮೆರಿಕದಲ್ಲಿ 1961ರಲ್ಲಿ ಬಂದ ಅಮಿಟ್ರಿಪ್ಟಿಲಿನ್ ನಮ್ಮ ಮೈಯಲ್ಲಿ ಒಡೆದು ಆಗುವ ವಸ್ತುವೇ ಇದು. ನರದ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಾನೂ ಬರೆಯುತ್ತೇನೆ. ಆದರೆ ಹೃದಯದ ಮಟ್ಟಿಗೆ ಪ್ರಿಗ್ಯಾಬಲಿನ್‌ಗಿಂತ ಇದರ ಮೇಲೇ ನನಗೆ ಹೆಚ್ಚು ಕಣ್ಣು. ನಾಡಿಯನ್ನು ಏರಿಸುತ್ತದೆ, ಎದ್ದು ನಿಂತಾಗ ಬಿಪಿ ಇಳಿಸುತ್ತದೆ, ಬಾಯಿ ಒಣಗಿಸುತ್ತದೆ, ಪ್ರೊಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟಿಸುತ್ತದೆ. ಹೆಚ್ಚಿನ ಡೋಸಿನಲ್ಲಿ ಹೃದಯದ ಸೋಡಿಯಂ ಬಾಗಿಲನ್ನೇ ತಡೆಯುತ್ತದೆ. ಈ ಮನೆತನದ ಮಾತ್ರೆಗಳನ್ನು ವಿಪರೀತ ನುಂಗಿ ಬಂದವರಲ್ಲಿ ಇಸಿಜಿಯ ‘ಕ್ಯೂಆರ್‌ಎಸ್’ (ಕೆಳಗಿನ ಕೋಣೆಗಳಲ್ಲಿ ವಿದ್ಯುತ್ ಹರಡುವ ಹೊತ್ತು) 100 ಮಿಲಿಸೆಕೆಂಡ್ ದಾಟಿದರೆ ಫಿಟ್ಸ್‌ಗೂ, 160 ದಾಟಿದರೆ ಲಯ ಕೆಡುವುದಕ್ಕೂ ಸಜ್ಜಾಗಿರಿ ಎಂದು ಎಮರ್ಜೆನ್ಸಿ ವೈದ್ಯರು ಇಂದಿಗೂ ಲೆಕ್ಕ ಹಾಕುತ್ತಾರೆ. ನಿಮ್ಮವರದ್ದು 92, ಆ ಮಟ್ಟಿಗೆ ನಿಶ್ಚಿಂತೆ. (ಮನೆಗೆ ಮೊಮ್ಮಕ್ಕಳು ಬರುವುದಿದ್ದರೆ ಈ ಸ್ಟ್ರಿಪ್ ಮೇಲಿನ ಕಪಾಟಿಗೆ ಹೋಗಲಿ. ಒಂದಿಡೀ ಸ್ಟ್ರಿಪ್ ಎರಡು ವರ್ಷದ ಮಗುವಿನ ಜೀವಕ್ಕೇ ಕುತ್ತು.)

ಇಸಿಜಿಗೆ ಬರೋಣ. ಕಾಗದದ ಮೇಲ್ತುದಿಯಲ್ಲಿ ಮಷೀನ್ ನಾಲ್ಕು ಸಂಖ್ಯೆ ಮುದ್ರಿಸಿದೆ: ನಾಡಿ 94, ಪಿಆರ್ 218, ಕ್ಯೂಆರ್‌ಎಸ್ 92, ಕ್ಯೂಟಿಸಿ 468. ಅದರ ಕೆಳಗೆ ಇಂಗ್ಲಿಷಿನಲ್ಲಿ ಅಸಹಜ ಎಂದು ಬರೆದದ್ದೇ ಮನೆಯವರ ನಿದ್ದೆ ಕೆಡಿಸಿರಬೇಕು.

ಪಿಆರ್ ಎಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಇಳಿಯಲು ಹಿಡಿಯುವ ಹೊತ್ತು. 120ರಿಂದ 200 ಮಿಲಿಸೆಕೆಂಡ್ ಸಹಜ. 218 ಇದ್ದರೆ ಮೊದಲ ಹಂತದ ಬ್ಲಾಕ್ ಎನ್ನುತ್ತೇವೆ. ಹೆಸರು ಕೇಳಿ ಗಾಬರಿಯಾಗಬೇಡಿ. ಲೋಕಲ್ ಎರಡು ನಿಮಿಷ ಲೇಟಾಗಿ ಬಂದ ಹಾಗೆ, ಒಂದೂ ಕ್ಯಾನ್ಸಲ್ ಆಗಿಲ್ಲ. ಪ್ರತಿ ಬಡಿತವೂ ಕೆಳಗೆ ಮುಟ್ಟುತ್ತಿದೆ. ಈ ವಯಸ್ಸಿನಲ್ಲಿ ಯಾವ ಮಾತ್ರೆಯೂ ಇಲ್ಲದೆ ಎಷ್ಟೋ ಜನರಲ್ಲಿ ಇದು ಕಾಣುತ್ತದೆ. ಸರಾಸರಿ 3-6 ಮಿಲಿಸೆಕೆಂಡ್ ಉದ್ದ ಮಾಡುವ ಮದ್ದು ಇದನ್ನೆಲ್ಲ ತಾನೊಂದೇ ಮಾಡಿರುವುದು ಅನುಮಾನ. ಖಚಿತ ಮಾಡಿಕೊಳ್ಳಲು ಒಂದೇ ದಾರಿ, ಹಳೆಯ ಇಸಿಜಿ. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆಯೇ? ಆಗಿದ್ದರೆ ಅದಕ್ಕೆ ಮೊದಲು ಇಸಿಜಿ ತೆಗೆದಿರುತ್ತಾರೆ. ಫೈಲುಗಳ ಅಡಿಯಲ್ಲಿ ಹುಡುಕಿ. ಆಗಲೂ ಪಿಆರ್ 210ರ ಹತ್ತಿರ ಇದ್ದರೆ ಮಾತ್ರೆಯ ಮೇಲಿನ ಅನುಮಾನ ಬಹುಪಾಲು ಕಳೆಯಿತು. ಆಗ 170 ಇದ್ದು ಈಗ 218 ಆಗಿದ್ದರೆ ಮಾತು ಬೇರೆ. ಮಷೀನ್ ಇಸಿಜಿ ಕಾಗದಕ್ಕೆ ಬಣ್ಣ ಬೇಗ ಮಾಸುತ್ತದೆ, ಸಿಕ್ಕ ಕೂಡಲೇ ಫೋಟೊ ತೆಗೆದಿಡಿ.

ಕ್ಯೂಟಿಸಿ 468 ನೋಡಿ ನಾನೂ ಒಂದು ಕ್ಷಣ ನಿಂತೆ. ಗಂಡಸರಿಗೆ 450ರೊಳಗೆ ಇರಬೇಕು, 500 ದಾಟಿದರೆ ಟಾರ್ಸಾಡ್ ಎಂಬ ಜೀವಘಾತಕ ಲಯದ ಭಯ. ಆದರೆ ಈ ಸಂಖ್ಯೆ ನೇರ ಅಳತೆಯಲ್ಲ, ನಾಡಿಯ ವೇಗಕ್ಕೆ ಹೊಂದಿಸಿ ಮಷೀನ್ ಮಾಡಿದ ಲೆಕ್ಕ. ಹೆಚ್ಚಿನ ಮಷೀನುಗಳು ಬಳಸುವುದು ಬ್ಯಾಜೆಟ್ ಎಂಬವರ 1920ರ ಸೂತ್ರ. ನಾಡಿ 60ರ ಆಸುಪಾಸು ಇದ್ದಾಗ ಅದು ಸರಿ, ನಾಡಿ ಏರಿದ ಹಾಗೆ ಅದು ಕ್ಯೂಟಿಯನ್ನು ಇದ್ದದ್ದಕ್ಕಿಂತ ಉದ್ದ ತೋರಿಸುತ್ತದೆ. ನಿಮ್ಮವರ ನಾಡಿ 94. ಲೆಕ್ಕ ಹಿಂದಕ್ಕೆ ಬಿಡಿಸಿದರೆ ನಿಜವಾದ ಕ್ಯೂಟಿ 374ರ ಹತ್ತಿರ. ಅದೇ 1920ರಲ್ಲಿ ಫ್ರಿಡೆರಿಸಿಯ ಕೊಟ್ಟ ಇನ್ನೊಂದು ಸೂತ್ರಕ್ಕೆ ಹಾಕಿದರೆ ಸುಮಾರು 434 ಬರುತ್ತದೆ, ಅಂದರೆ ಸಹಜ. ಮಷೀನ್ ಬರೆದ ಒಂದು ಸಾಲಿಗೆ ಹೆದರಿ ಆಂಜಿಯೋಗ್ರಫಿಯ ಕ್ಯಾಥ್ ಲ್ಯಾಬಿಗೆ ಓಡುವವರನ್ನು ಮುಂಬೈಯಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಡಾಕ್ಟರು ಸ್ಕೇಲ್ ಹಿಡಿದು ಅಳೆದು ಹೇಳಲಿ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಐದು ನಿಮಿಷದ ಕೆಲಸ.

ಸಂಖ್ಯೆ ಸಹಜಕ್ಕೆ ಬಂತು ಅಂತ ಕ್ಯೂಟಿಯ ಮಾತು ಮುಗಿಯಲಿಲ್ಲ. ಅದನ್ನು ಉದ್ದ ಮಾಡುವ ಸಾಮಗ್ರಿ ನಿಮ್ಮ ಮಾತ್ರೆ ಡಬ್ಬಿಯಲ್ಲಿ ಬೇಕಾದಷ್ಟಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸಿನ ಕ್ಯಾಪ್ಸೂಲ್ ನೋಡಿ, ಹೆಸರಿನ ಕೊನೆಗೆ ‘ಡಿ’ ಇದೆ. ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ 30 ಮಿಲಿಗ್ರಾಂ. ಈ ಡಾಂಪೆರಿಡೋನ್ ಕ್ಯೂಟಿ ಉದ್ದ ಮಾಡುವ ಮದ್ದುಗಳಲ್ಲಿ ಹೆಸರುವಾಸಿ. 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು ವಾಂತಿ, ವಾಕರಿಕೆಗೆ ಮಾತ್ರ, ಕಡಿಮೆ ಡೋಸಿನಲ್ಲಿ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಕೊಡಿ ಎಂದು ಕಟ್ಟುಪಾಡು ಹಾಕಿತು. ನಮ್ಮಲ್ಲಿ ಇದನ್ನು ಹಲ್ಲುಜ್ಜಿದ ಕೂಡಲೇ ತೀರ್ಥದ ಹಾಗೆ ವರ್ಷಗಟ್ಟಲೆ ತಗೊಳ್ಳುತ್ತಾರೆ. ಹೋಟೆಲಿನವರಲ್ಲಿ ಇದು ಇನ್ನೂ ಹೆಚ್ಚು. ಹೊತ್ತಲ್ಲದ ಹೊತ್ತಿನಲ್ಲಿ ಊಟ, ಗಲ್ಲಾದ ಮೇಲೆ ಕೂತು ಗಂಟೆಗೊಂದು ಚಾ, ಆಮೇಲೆ ಎದೆಯುರಿ. ಪ್ಯಾಂಟೊಪ್ರಜೋಲ್ ಕೂಡ ಬಹಳ ಕಾಲ ತಗೊಂಡರೆ ಮೆಗ್ನೀಶಿಯಂ ಇಳಿಸಬಲ್ಲದು. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆ ಸೇರಿರುವ ಕ್ಲೋರ್‌ಥ್ಯಾಲಿಡೋನ್ ಪೊಟ್ಯಾಶಿಯಂ ಇಳಿಸುತ್ತದೆ. ರಿಪೋರ್ಟಿನಲ್ಲಿ ಪೊಟ್ಯಾಶಿಯಂ 3.4, ಇರಬೇಕಾದ 3.5ಕ್ಕಿಂತ ಕೆಳಗೆ. ಮೆಗ್ನೀಶಿಯಂ ಮಾಡಿಸಿಯೇ ಇಲ್ಲ. ಪೊಟ್ಯಾಶಿಯಂ, ಮೆಗ್ನೀಶಿಯಂ ಕೊರತೆಯಾದ ಹೃದಯದಲ್ಲಿ ಬಡಿತ ತಪ್ಪುವುದು ತೀರ ಸಾಮಾನ್ಯ. ನಡುವೆ ಒಂದು ಬಡಿತ ತಪ್ಪಿದ ಹಾಗೆ ಅನ್ನುವುದಕ್ಕೆ ನನ್ನ ಮೊದಲ ಅನುಮಾನ ಇದೇ. ಎಳನೀರು ಕುಡಿಸಿ ಸರಿಮಾಡಲು ಹೊರಡಬೇಡಿ. ಕಿಡ್ನಿ ದುರ್ಬಲ ಇರುವಾಗ, ಜೊತೆಗೆ ಟೆಲ್ಮಿಸಾರ್ಟನ್ ಇರುವಾಗ ಪೊಟ್ಯಾಶಿಯಂ ಮೇಲಕ್ಕೂ ಹಾರಬಹುದು. ಅಳೆದು, ಡಾಕ್ಟರೇ ಕೊಡಲಿ.

ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಕೆಮ್ಮು. ಕೌಂಟರಿನಲ್ಲಿ ಕೇಳಿದರೆ ಅಜಿತ್ರೊಮೈಸಿನ್ ಮೂರು ದಿನದ ಕೋರ್ಸ್ ಚೀಟಿಯಿಲ್ಲದೆಯೂ ಸಿಕ್ಕಿಬಿಡುತ್ತದೆ. ಅದೂ ಕ್ಯೂಟಿ ಉದ್ದ ಮಾಡುವ ಮದ್ದು, ಲೆವೊಫ್ಲಾಕ್ಸಾಸಿನ್, ವಾಂತಿಯ ಆಂಡನ್ಸೆಟ್ರಾನ್, ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಕೂಡ. ಈ ನರದ ಮಾತ್ರೆ ನಡೆಯುತ್ತಿರುವಷ್ಟು ದಿನ ಕೆಮಿಸ್ಟಿನಿಂದ ನೇರವಾಗಿ ಇಂಥದ್ದು ತರಬೇಡಿ.

ಈಗ ರಾತ್ರಿ ಎರಡು ಮೂರು ಗಂಟೆಯ ಡವಡವ. ಇದರಲ್ಲಿ ಮಗನಿಗೂ ಕೆಮಿಸ್ಟಿಗೂ ಹೊಳೆಯದ ಒಂದು ಕಾರಣವಿದೆ. ಅವರು ಎರಡು ಹೊತ್ತು ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ತಗೊಳ್ಳುತ್ತಿದ್ದಾರೆ. ಕಿಡ್ನಿ ಸೋಸುವುದು ಕಡಿಮೆಯಾದವರಲ್ಲಿ ಇದರ ಪರಿಣಾಮ ಎಳೆಯುತ್ತದೆ, ರಾತ್ರಿ ಸಕ್ಕರೆ ಕುಸಿಯಬಹುದು. ಸಕ್ಕರೆ ಕುಸಿದಾಗ ಎದೆ ಹೊಡೆದುಕೊಂಡು, ಬೆವರಿ ಎಚ್ಚರವಾಗುತ್ತದೆ. ಆ ದಿನಗಳಲ್ಲಿ ರಾತ್ರಿ ಊಟ ಕಡಿಮೆ ಮಾಡಿದ್ದರೇ, ಸಂಕಷ್ಟಿ ಉಪವಾಸ ಇತ್ತೇ ನೆನಪು ಮಾಡಿಕೊಳ್ಳಿ. ಮುಂದಿನ ಸಲ ಎಚ್ಚರವಾದಾಗ ಮೊದಲು ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಬೆಳಿಗ್ಗೆ ಡಾಕ್ಟರಿಗೆ ಆ ಸಂಖ್ಯೆ ಹೇಳಿ. ಸಕ್ಕರೆ ಸರಿಯಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸಿ. ವೇಗಕ್ಕಿಂತ ತಾಳ ಮುಖ್ಯ. ಒಂದೇ ಸಮ ಬಡಿದು ಅಲ್ಲೊಂದು ಇಲ್ಲೊಂದು ತಪ್ಪುತ್ತಿದೆಯೇ, ಇಲ್ಲಾ ತಾಳವೇ ಇಲ್ಲದೆ ಹೇಗೆ ಬೇಕೋ ಹಾಗೆ ಬಡಿಯುತ್ತಿದೆಯೇ?

ತಾಳವೇ ಇಲ್ಲದ ಬಡಿತವಾದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಆಗ ಮಾತ್ರೆ ಯಾವುದು ಎಂಬ ಚರ್ಚೆ ಹಿಂದಕ್ಕೆ ಸರಿಯುತ್ತದೆ. 65 ದಾಟಿದ, ಬಿಪಿಯೂ ಸಕ್ಕರೆಯೂ ಇರುವ ಮನುಷ್ಯನಿಗೆ ಈ ಲಯದಿಂದ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಹೆಚ್ಚು. ರಕ್ತ ತೆಳು ಮಾಡುವ ಮದ್ದು ಬೇಕಾಗುತ್ತದೆ. ಹಗಲು ತೆಗೆದ ಹತ್ತು ಸೆಕೆಂಡಿನ ಇಸಿಜಿಯಲ್ಲಿ ರಾತ್ರಿ ಬಂದು ಹೋದದ್ದು ಸಿಗುವುದಿಲ್ಲ. ಹಾಗಾಗಿ 24 ಗಂಟೆಯ ಹೋಲ್ಟರ್ ಮಾಡಿಸಿ. ಎದೆಗೆ ಸ್ಟಿಕ್ಕರ್ ಅಂಟಿಸಿ ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿ ಕಳಿಸುತ್ತಾರೆ, ಆ ದಿನ ಸ್ನಾನವಿಲ್ಲ. ಎಚ್ಚರವಾದ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟು ಪೆಟ್ಟಿಗೆಯ ಜೊತೆ ಕೊಡಿ. ಅದಿಲ್ಲದ ಹೋಲ್ಟರ್ ಅರ್ಧ ಹೋಲ್ಟರ್.

ಕಣ್ಣು ಕತ್ತಲೆ ಬಂದದ್ದನ್ನು ನಾನು ಬೇರೆಯಾಗಿ ನೋಡುತ್ತೇನೆ. ಏಳುವಾಗ ಬಂದದ್ದು, ಕೂತ ಮೇಲೆ ಹೋದದ್ದು; ಇದು ಲಯಕ್ಕಿಂತ ಬಿಪಿ ಇಳಿದ ಲಕ್ಷಣ. ಇದನ್ನು ಮನೆಯಲ್ಲೇ ನೋಡಬಹುದು. ಐದು ನಿಮಿಷ ಮಲಗಿಸಿ ಡಿಜಿಟಲ್ ಮಷೀನಿನಲ್ಲಿ ಬಿಪಿ, ನಾಡಿ ಬರೆದುಕೊಳ್ಳಿ. ಎದ್ದು ನಿಲ್ಲಿಸಿ, ಪಕ್ಕದಲ್ಲಿ ನೀವಿರಿ, ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಿತು. ಯಾಕೆ ಇಳಿಯುತ್ತದೆ? ಸ್ಟ್ರಿಪ್‌ಗಳ ಫೋಟೊದಲ್ಲಿ ಕೊನೆಯದು ಟ್ಯಾಮ್ಸುಲೋಸಿನ್, ಚೀಟಿಯ ತಾರೀಖು ಹೋದ ತಿಂಗಳದ್ದು. ಮೂತ್ರ ಕಟ್ಟಿಕೊಂಡಿತು ಅಂತ ಇನ್ನೊಬ್ಬ ಡಾಕ್ಟರು ಕೊಟ್ಟಿರಬೇಕು. ಕಟ್ಟಿಸಿದ್ದು ನಾರ್ಟ್ರಿಪ್ಟಿಲಿನ್ ಇರಬಹುದು. ಒಂದು ಮಾತ್ರೆಯ ಅಡ್ಡ ಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದರ ಅಡ್ಡ ಪರಿಣಾಮಕ್ಕೆ ಈಗ ಹೃದಯದ ಡಾಕ್ಟರು. ನಾರ್ಟ್ರಿಪ್ಟಿಲಿನ್, ಟ್ಯಾಮ್ಸುಲೋಸಿನ್, ಎರಡು ಮದ್ದಿನ ಬಿಪಿ ಮಾತ್ರೆ, ಮೂರೂ ನಿಂತಾಗ ಬಿಪಿ ಎಳೆಯುವಂಥವು.

ಇದರ ಹಿಂದೆ ಇನ್ನೂ ಒಂದಿದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಸಕ್ಕರೆ ಅಂಗಾಲಿನ ನರವನ್ನು ಸುಟ್ಟಿದೆ ಅಂದರೆ ಹೃದಯಕ್ಕೆ ಹೋಗುವ ನರವನ್ನು ಬಿಟ್ಟಿರುತ್ತದೆಂದು ಹೇಗೆ ಹೇಳುವುದು? ಹೃದಯದ ವೇಗವನ್ನೂ ರಕ್ತನಾಳದ ಬಿಗಿಯನ್ನೂ ನೋಡಿಕೊಳ್ಳುವ ಸ್ವಯಂಚಾಲಿತ ನರಗಳಿಗೂ ಅದೇ ಕಾಯಿಲೆ ಬರುತ್ತದೆ. ಸುಮ್ಮನೆ ಕೂತಿದ್ದರೂ ನಾಡಿ 90ರ ಮೇಲೆ, ನಿಂತಾಗ ಬಿಪಿ ಇಳಿದರೂ ನಾಡಿ ಏರದಿರುವುದು, ನೋವಿಲ್ಲದ ಹಾರ್ಟ್ ಅಟ್ಯಾಕ್, ಇವೆಲ್ಲ ಅದರ ಗುರುತುಗಳು. ಇಸಿಜಿ ಹಚ್ಚಿಕೊಂಡು ನಿಮಿಷಕ್ಕೆ ಆರು ಸಲದಂತೆ ಆಳವಾಗಿ ಉಸಿರಾಡಿಸುತ್ತಾರೆ. ಉಸಿರಿನ ಜೊತೆ ನಾಡಿಯ ವೇಗ ನಿಮಿಷಕ್ಕೆ 15 ಬಡಿತಕ್ಕೂ ಹೆಚ್ಚು ಏರಿಳಿದರೆ ಸಹಜ, 10ಕ್ಕಿಂತ ಕಡಿಮೆಯಾದರೆ ನರ ಕೆಟ್ಟಿದೆ. ಖರ್ಚಿಲ್ಲದ ಪರೀಕ್ಷೆ, ಮಾಡುವವರು ಕಡಿಮೆ. ಇದು ಕೆಟ್ಟಿದ್ದರೆ ನಾರ್ಟ್ರಿಪ್ಟಿಲಿನ್, ಅಮಿಟ್ರಿಪ್ಟಿಲಿನ್ ಅವರಿಗೆ ಹೇಳಿಸಿದ ಮದ್ದಲ್ಲ.

ಹಾಗಾದರೆ ಏನು ಬದಲಾಯಿಸಬೇಕು? ತೀರ್ಮಾನ ನಿಮ್ಮ ಡಾಕ್ಟರದ್ದು. ನನ್ನ ಕ್ಲಿನಿಕ್ಕಿಗೆ ಬಂದಿದ್ದರೆ ನಾನು ಮಾಡುತ್ತಿದ್ದುದನ್ನು ಹೇಳುತ್ತೇನೆ. ಡಾಂಪೆರಿಡೋನ್ ಅವತ್ತೇ ತೆಗೆಯುತ್ತಿದ್ದೆ, ಅದಕ್ಕೆ ಇಳಿಸುವ ಹಂತ ಬೇಕಿಲ್ಲ. ಪೊಟ್ಯಾಶಿಯಂ, ಮೆಗ್ನೀಶಿಯಂ ಸರಿಪಡಿಸಿ, ಕ್ಲೋರ್‌ಥ್ಯಾಲಿಡೋನ್ ಬೇಕೇ ಎಂದು ಮತ್ತೆ ಯೋಚಿಸುತ್ತಿದ್ದೆ. ಜೋಡಿ ಮಾತ್ರೆ ಬಿಡಿಸಿ, ನಾರ್ಟ್ರಿಪ್ಟಿಲಿನ್ ಅನ್ನು ಕೆಲವು ದಿನದಲ್ಲಿ ಇಳಿಸಿ ನಿಲ್ಲಿಸಿ, ಪ್ರಿಗ್ಯಾಬಲಿನ್ 75 ರಾತ್ರಿ ಒಂದಕ್ಕೆ ತರುತ್ತಿದ್ದೆ. ಎರಡು ವಾರ ಬಿಟ್ಟು ಇಸಿಜಿ ಮತ್ತೆ. ಮೂತ್ರ ಸಲೀಸಾದರೆ ಟ್ಯಾಮ್ಸುಲೋಸಿನ್ ಕೂಡ ಹೊರಗೆ. ಗ್ಲಿಮಿಪಿರೈಡ್ ರಾತ್ರಿಯದ್ದು ಕಡಿಮೆ. ಬಿ12 ಅಳತೆ ಮಾಡಿಸುತ್ತಿದ್ದೆ. ವರ್ಷಗಟ್ಟಲೆ ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ ಬಿ12 ಕುಸಿದು ಅದೂ ಕಾಲುರಿ ತರುತ್ತದೆ. ಈ ಎರಡು ತಿಂಗಳ ಮಾತ್ರೆಯಿಂದ ಈಗ ಸಂಖ್ಯೆ ಏರಿ ಕಾಣಬಹುದು, ಅದನ್ನು ಲೆಕ್ಕದಲ್ಲಿಡಿ. ಉರಿ ಮತ್ತೆ ಹೆಚ್ಚಾದರೆ ಲಿಗ್ನೊಕೇನ್ ಪಟ್ಟಿ, ಮೆಣಸಿನ ಸಾರದ ಕ್ಯಾಪ್ಸೈಸಿನ್ ಮುಲಾಮು ಹೃದಯಕ್ಕೆ ತಟ್ಟದೆ ಕೆಲಸ ಮಾಡುತ್ತವೆ. ಮುಲಾಮು ಹಚ್ಚಿದ ಕೈ ಕಣ್ಣಿಗೆ ಹೋಗದಿರಲಿ. ಡುಲೊಕ್ಸೆಟಿನ್ ಇನ್ನೊಂದು ದಾರಿ, ಕ್ಯೂಟಿಯ ಕಾಟ ಅದರಲ್ಲಿ ಕಡಿಮೆ. ಆದರೆ ಅದು ಬಿಪಿ ಸ್ವಲ್ಪ ಏರಿಸುತ್ತದೆ, ನಾರ್ಟ್ರಿಪ್ಟಿಲಿನ್ ಇರುವಾಗ ಮೇಲಿಂದ ಸೇರಿಸಿದರೆ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಒಂದನ್ನು ಬಿಟ್ಟ ಮೇಲೆಯೇ ಇನ್ನೊಂದು.

ಒಮ್ಮೆಲೇ ನಿಲ್ಲಿಸಬೇಡಿ ಅಂದದ್ದಕ್ಕೆ ಕಾರಣವೂ ಇದೆ. ಪ್ರಿಗ್ಯಾಬಲಿನ್ ಥಟ್ಟನೆ ಬಿಟ್ಟರೆ ನಿದ್ದೆ ಹಾರುತ್ತದೆ, ಬೆವರು, ವಾಕರಿಕೆ, ಕಳವಳ, ಅಪರೂಪಕ್ಕೆ ಫಿಟ್ಸ್. ಕನಿಷ್ಠ ಒಂದು ವಾರದಲ್ಲಿ ಇಳಿಸಬೇಕೆಂದು ಮಾಹಿತಿಪತ್ರವೇ ಹೇಳುತ್ತದೆ. ಕಳವಳದಿಂದ ಎದೆ ಇನ್ನಷ್ಟು ಬಡಿದುಕೊಂಡರೆ, ನೋಡಿ ಮಾತ್ರೆ ಹೃದಯ ಹಾಳು ಮಾಡಿಬಿಟ್ಟಿತು ಅಂತ ಮಗ ಮತ್ತೆ ಫೋನ್ ಮಾಡುತ್ತಾನೆ. ತುರ್ತಿನ ಲಕ್ಷಣಗಳು ಕಂಡು ಆಸ್ಪತ್ರೆಗೆ ಹೋದಾಗ ಮಾತ್ರ ಬೇರೆ ಮಾತು. ಅಲ್ಲಿ ಮಾನಿಟರ್ ಹಚ್ಚಿಕೊಂಡು ಅವರೇ ನಿಲ್ಲಿಸುತ್ತಾರೆ.

ಬೇರೆ ನರದ ಮಾತ್ರೆ ತಗೊಳ್ಳುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಮುಖದ ನರ ಸೆಳೆತಕ್ಕೆ ಕೊಡುವ ಕಾರ್ಬಮಾಜೆಪಿನ್ ಹಾರ್ಟ್ ಬ್ಲಾಕ್ ಇರುವವರಿಗೆ ಸಲ್ಲದು, ಸೋಡಿಯಂ ಕೂಡ ಇಳಿಸುತ್ತದೆ. ನೋವಿನ ಮಾತ್ರೆ ಟ್ರಮಡಾಲ್ ಅನ್ನು ಖಿನ್ನತೆಯ ಮಾತ್ರೆಯ ಜೊತೆ ಸೇರಿಸುವ ಮೊದಲು ಡಾಕ್ಟರಿಗೆ ಹೇಳಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರಿಗೆ ಅಮಿಟ್ರಿಪ್ಟಿಲಿನ್ ಕೊಡುವುದಿಲ್ಲ.

ಊರಿಗೆ ಹೋಗಬೇಕಂತಲೂ ಬರೆದಿದ್ದೀರಿ, ಮುಂದಿನ ತಿಂಗಳು ಕುಂದಾಪುರದಲ್ಲಿ ಮದುವೆ. ಹೋಲ್ಟರಿನಲ್ಲಿ ಕೆಟ್ಟದ್ದೇನೂ ಸಿಗದೆ, ನಿಂತಾಗಿನ ಬಿಪಿ ಸುಧಾರಿಸಿದ್ದರೆ ಧಾರಾಳ ಹೋಗಿಬನ್ನಿ. ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಕೇಳಿ. ರಾತ್ರಿ ಎದ್ದರೆ ಕಾಲು ಕೆಳಗೆ ಬಿಟ್ಟು ಎರಡು ನಿಮಿಷ ಕೂತು, ಕಂಬಿ ಹಿಡಿದೇ ಏಳಲಿ. ಮದುವೆ ಮನೆಯ ಊಟ ಮೂರು ಗಂಟೆಗಾದರೆ ಗ್ಲಿಮಿಪಿರೈಡ್ ಹನ್ನೆರಡಕ್ಕೇ ನುಂಗಿ ಕಾಯುವುದು ಬೇಡ, ಎಲೆ ಹಾಕಿದ ಮೇಲೆ ಸಾಕು. ಎಲ್ಲ ಮಾತ್ರೆಗಳ ಹೆಸರು, ಕ್ರಿಯಾಟಿನಿನ್ ಸಂಖ್ಯೆ, ಇಸಿಜಿಯ ಫೋಟೊ ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ.

ಇನ್ನು ನಿಮ್ಮ ಪಾಲಿನ ಒಂದು ಕೆಲಸ. ಮಾತ್ರೆ ಇಳಿಸಿದ ಮೇಲೆ ಡವಡವ ನಿಂತರೆ ಅದನ್ನು ವರದಿ ಮಾಡಿ. ಔಷಧಿಗಳ ಅಡ್ಡ ಪರಿಣಾಮ ಗಮನಿಸಲು ಕೇಂದ್ರ ಸರಕಾರದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಯ ಮನೆಯವರೂ ತಿಳಿಸಬಹುದು. ಶುಲ್ಕವಿಲ್ಲದ ಫೋನ್ 1800-180-3024. ಮುಂಬೈಯ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಫಾರ್ಮಕಾಲಜಿ ವಿಭಾಗದಲ್ಲೂ ತಗೊಳ್ಳುತ್ತಾರೆ. ರೋಗಿಗಳಿಗಾಗಿ ಇರುವ ಫಾರಂ ಕನ್ನಡದಲ್ಲೂ ಇದೆ. ಅದರಲ್ಲಿ ಬ್ರ್ಯಾಂಡ್ ಹೆಸರು, ಸ್ಟ್ರಿಪ್ಪಿನ ಬ್ಯಾಚ್ ನಂಬರ್, ಶುರು ಮಾಡಿದ ದಿನ, ನಿಲ್ಲಿಸಿದ ದಿನ ಕೇಳುತ್ತಾರೆ. ಆದ್ದರಿಂದ ಖಾಲಿಯಾದ ಸ್ಟ್ರಿಪ್ ಈಗಲೇ ಕಸಕ್ಕೆ ಹಾಕಬೇಡಿ.